ಅಳತೆಯಿಲ್ಲದ ಮದ್ದು

ನಸುಗುನ್ನಿಯ ಬಳ್ಳಿಯನ್ನು ಅರಿಯದ ಹಳ್ಳಿಯ ಹುಡುಗರು ವಿರಳ. ಬೇಲಿಗಳ ಮೇಲೆಯೂ ಕುರುಚಲು ಕಾಡುಗಳಲ್ಲಿಯೂ ಹಬ್ಬುವ ಈ ಬಳ್ಳಿಯ ಕಾಯಿಯ ಮೇಲೆ ಕಂದುಬಣ್ಣದ ಸಣ್ಣ ರೋಮಗಳಿರುತ್ತವೆ. ಅವು ಮೈಗೆ ಸೋಕಿದರೆ ಸಾಕು, ತುರಿಕೆಯನ್ನು ತಡೆಯಲಾಗದು. ಕಾಯಿಯ ಒಳಗಿನ ಬೀಜದ ಮಹಿಮೆಯೇ ಬೇರೆ. ೧೯೩೭ರಲ್ಲಿ ಮದರಾಸಿನಲ್ಲಿ ದಾಮೋದರನ್ ಮತ್ತು ರಾಮಸ್ವಾಮಿ ಎಂಬ ವಿಜ್ಞಾನಿಗಳು ಆ ಬೀಜದಿಂದ ಎಲ್-ಡೋಪ ಎಂಬ ವಸ್ತುವನ್ನು ಬೇರ್ಪಡಿಸಿದರು. ಸುಮಾರು ಮೂವತ್ತು ವರ್ಷಗಳ ಅನಂತರ ಅದೇ ವಸ್ತು, ಕೈಕಾಲು ನಡುಗಿ ಮೈ ಸೆಟೆದುಕೊಳ್ಳುವ ಪಾರ್ಕಿನ್ಸನ್ ರೋಗಕ್ಕೆ ಮುಖ್ಯವಾದ ಔಷಧವಾಯಿತು. ಇಂದಿಗೂ ಮುಖ್ಯವಾಗಿಯೇ ಉಳಿದಿದೆ. ವೈದ್ಯರು ಅದನ್ನು ಮಿಲಿಗ್ರಾಮುಗಳಲ್ಲಿ ಅಳೆದು, ರೋಗಿಯನ್ನು ಮತ್ತೆ ಮತ್ತೆ ಪರೀಕ್ಷಿಸಿ, ಅಗತ್ಯವಿದ್ದಂತೆ ಹೆಚ್ಚಿಸುತ್ತಲೂ ತಗ್ಗಿಸುತ್ತಲೂ ಕೊಡುತ್ತಾರೆ. ಅಳತೆ ತಪ್ಪಿದರೆ ಮದ್ದೇ ಕೇಡಾಗುವುದೆಂಬುದನ್ನು ಅವರು ಬಲ್ಲರು.

ಎಲ್-ಡೋಪ ಮಿದುಳನ್ನು ಸೇರಿ ಡೋಪಮೈನ್ ಎಂಬ ರಸವಾಗುತ್ತದೆ. ಇದೇ ರಸವನ್ನು ಮಿದುಳಿನಲ್ಲಿ ಏರುಪೇರು ಮಾಡಬಲ್ಲ ಇನ್ನೊಂದು ಮದ್ದು ಉಂಟು. ಅದಕ್ಕೆ ವೈದ್ಯರ ಚೀಟಿ ಬೇಡ, ಬೆಲೆಯಿಲ್ಲ. ಅಳತೆಯಂತೂ ಇಲ್ಲವೇ ಇಲ್ಲ. ಅದರ ಹೆಸರು ಭಯ. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಗಳಲ್ಲಿಯೂ ನಾಡಿನ ಇತರ ಊರುಗಳಲ್ಲಿರುವಂತೆಯೇ, ಪರೀಕ್ಷೆಯ ತಿಂಗಳು ಸಮೀಪಿಸಿದಂತೆ ಮನೆಯೂ ಶಾಲೆಯೂ ಅದನ್ನು ಧಾರಾಳವಾಗಿ ಹಂಚುತ್ತವೆ. ಮಕ್ಕಳ ಮೇಲಿನ ಪ್ರೀತಿಯಿಂದಲೇ ಹಂಚುತ್ತವೆ ಎಂಬುದರಲ್ಲಿ ಸಂಶಯವಿಲ್ಲ. ಆದರೆ ಪ್ರೀತಿಯಿಂದ ಕೊಟ್ಟ ಮಾತ್ರಕ್ಕೆ ಮದ್ದಿನ ಗುಣ ಬದಲಾಗುವುದಿಲ್ಲವಷ್ಟೆ. ಭಯವನ್ನು ಕೊಡುವವರು ಅದರ ಅಳತೆಯನ್ನು ಅರಿಯಬೇಕು, ಅರಿಯದಿದ್ದರೆ ಕೊಡಬಾರದು ಎಂಬುದು ನಮ್ಮ ಅಭಿಪ್ರಾಯ. ನಾವು ಭೌತಶಾಸ್ತ್ರವನ್ನು ಬೋಧಿಸುವವರು, ವೈದ್ಯರಲ್ಲ. ಆದರೆ ಅಳತೆಯ ಮಾತು ಬಂದಲ್ಲಿ ಭೌತಶಾಸ್ತ್ರಕ್ಕೆ ಬಾಯಿ ತೆರೆಯುವ ಅಧಿಕಾರ ಸ್ವಲ್ಪಮಟ್ಟಿಗೆ ಉಂಟೆಂದು ಭಾವಿಸುತ್ತೇವೆ.

ಮೊದಲು ಡೋಪಮೈನ್ ಎಂದರೇನು ಎಂಬುದನ್ನು ನೋಡೋಣ. ಮನುಷ್ಯನ ಮಿದುಳಿನಲ್ಲಿ ಸುಮಾರು ೮,೬೦೦ ಕೋಟಿ ನರಕೋಶಗಳಿವೆ. ಒಂದು ನರಕೋಶವು ಇನ್ನೊಂದಕ್ಕೆ ಸುದ್ದಿ ಮುಟ್ಟಿಸುವುದು ಬಹುಮಟ್ಟಿಗೆ ರಾಸಾಯನಿಕ ವಸ್ತುಗಳ ಮೂಲಕ. ಅಂತಹ ವಸ್ತುಗಳಲ್ಲಿ ಡೋಪಮೈನ್ ಒಂದು. ಅದನ್ನು ತಯಾರಿಸುವ ನರಕೋಶಗಳು ನಡುಮಿದುಳಿನಲ್ಲಿ ಕೇವಲ ನಾಲ್ಕರಿಂದ ಆರು ಲಕ್ಷದಷ್ಟಿವೆ. ಸಂಖ್ಯೆ ಅಲ್ಪವಾದರೂ ಅವುಗಳ ಕವಲುಗಳು ಬಹುದೂರ ಚಾಚಿವೆ. ಒಂದು ಪಂಗಡವು ಮಿದುಳಿನ ಆಳದಲ್ಲಿರುವ ಸ್ಟ್ರೈಯೇಟಮ್ ಎಂಬ ಭಾಗದ ಮೇಲುಭಾಗಕ್ಕೆ ಹೋಗಿ ಅಂಗಾಂಗಗಳ ಚಲನೆಯನ್ನು ಹದವಾಗಿಡುತ್ತದೆ. ಇನ್ನೊಂದು ಅದೇ ಸ್ಟ್ರೈಯೇಟಮಿನ ಕೆಳಭಾಗವನ್ನು ತಲಪಿ, ಯಾವುದನ್ನು ಬಯಸಬೇಕು, ಯಾವುದಕ್ಕಾಗಿ ಶ್ರಮಿಸಬೇಕು ಎಂಬುದನ್ನು ಕಲಿಸುತ್ತದೆ. ಮೂರನೆಯದು ಹಣೆಯ ಹಿಂದಿರುವ ಮಿದುಳಿನ ಹೊರಪದರಕ್ಕೆ ಹೋಗುತ್ತದೆ. ಪ್ರಿಫ್ರಾಂಟಲ್ ಕಾರ್ಟೆಕ್ಸ್ ಎಂದು ಶಾಸ್ತ್ರಜ್ಞರು ಕರೆಯುವ ಈ ಭಾಗವನ್ನು ನಾವು ಸುಲಭವಾಗಿ ಹಣೆಮಿದುಳು ಎನ್ನೋಣ. ಲೆಕ್ಕ ಬಿಡಿಸುವಾಗ ಹಿಂದಿನ ಸಾಲಿನ ಅಂಕಿಯನ್ನು ಮನಸ್ಸಿನಲ್ಲಿ ಹಿಡಿದಿಟ್ಟುಕೊಳ್ಳುವುದು, ಅನವಶ್ಯಕವಾದ ಯೋಚನೆಯನ್ನು ತಡೆಯುವುದು, ಮುಂದಿನ ಹೆಜ್ಜೆಯನ್ನು ಗೊತ್ತುಮಾಡುವುದು, ಇವೆಲ್ಲಕ್ಕೂ ಹಣೆಮಿದುಳು ಬೇಕು.

ಡೋಪಮೈನ್ ಎಂದರೆ ಸುಖದ ರಸ, ಅದು ಹೆಚ್ಚಾದಷ್ಟೂ ಒಳ್ಳೆಯದು ಎಂಬ ಮಾತು ಈಗ ವಿದ್ಯಾರ್ಥಿಗಳ ಬಾಯಲ್ಲಿ ಬಹಳ ಕೇಳಿಬರುತ್ತಿದೆ. ಅದು ಸರಿಯಲ್ಲ. ವೋಲ್ಫ್ರಾಮ್ ಷುಲ್ಟ್ಸ್ ಎಂಬ ವಿಜ್ಞಾನಿ ಕೋತಿಗಳ ಮೇಲೆ ನಡೆಸಿದ ಪ್ರಯೋಗಗಳಲ್ಲಿ, ಅನಿರೀಕ್ಷಿತವಾಗಿ ಹಣ್ಣಿನ ರಸ ದೊರೆತಾಗ ಡೋಪಮೈನ್ ನರಕೋಶಗಳು ಚುರುಕಾದವು. ದೀಪ ಬೆಳಗಿದ ಬಳಿಕ ರಸ ಬರುವುದೆಂದು ಕೋತಿಯು ಕಲಿತ ಮೇಲೆ, ಅವು ರಸಕ್ಕಲ್ಲದೆ ದೀಪಕ್ಕೇ ಚುರುಕಾದವು. ದೀಪ ಬೆಳಗಿಯೂ ರಸ ಬಾರದಿದ್ದರೆ ಮೊದಲಿದ್ದುದಕ್ಕಿಂತ ಮಂಕಾದವು. ಎಂದರೆ ಅವು ಸಾರುತ್ತಿದ್ದುದು ಸುಖವನ್ನಲ್ಲ. ನಿರೀಕ್ಷಿಸಿದುದಕ್ಕೂ ದೊರೆತುದಕ್ಕೂ ಇರುವ ಅಂತರವನ್ನು.

ಈ ರಸವು ಅಷ್ಟು ಮುಖ್ಯವೆಂದು ಜಗತ್ತಿಗೆ ತಿಳಿದುದು ನಮ್ಮ ದೇಶದ ಇನ್ನೊಂದು ಗಿಡದ ನೆರವಿನಿಂದ. ಸರ್ಪಗಂಧದ ಬೇರಿನಿಂದ ೧೯೫೨ರಲ್ಲಿ ಸ್ವಿಟ್ಜರ್‌ಲೆಂಡಿನಲ್ಲಿ ರಿಸರ್ಪಿನ್ ಎಂಬ ಔಷಧವನ್ನು ಬೇರ್ಪಡಿಸಿದರು. ೧೯೫೭ರಲ್ಲಿ ಸ್ವೀಡನ್ನಿನ ಆರ್ವಿಡ್ ಕಾರ್ಲ್‌ಸನ್ ಅವರು ಮೊಲಗಳಿಗೆ ರಿಸರ್ಪಿನ್ ಕೊಟ್ಟರು. ಮೊಲಗಳು ಕಿವಿ ಜೋಲಿಸಿಕೊಂಡು ಅಲುಗಾಡದೆ ಬಿದ್ದವು. ಬಳಿಕ ಎಲ್-ಡೋಪ ಕೊಡಲು ಅವು ಎದ್ದು ಓಡಾಡಿದವು. ಒಂದು ಗಿಡದ ಸಾರವು ಮಿದುಳಿನ ಡೋಪಮೈನನ್ನು ಬರಿದುಮಾಡಿತು; ಇನ್ನೊಂದು ಗಿಡದಲ್ಲಿಯೂ ಇರುವ ವಸ್ತುವು ಅದನ್ನು ತುಂಬಿಕೊಟ್ಟಿತು. ೧೯೬೦ರಲ್ಲಿ ವಿಯೆನ್ನದ ಎಹ್ರಿಂಗರ್ ಮತ್ತು ಹೋರ್ನಿಕಿಯೆವಿಚ್ ಅವರು, ಪಾರ್ಕಿನ್ಸನ್ ರೋಗದಿಂದ ತೀರಿಹೋದವರ ಸ್ಟ್ರೈಯೇಟಮಿನಲ್ಲಿ ಡೋಪಮೈನ್ ಬಹಳ ಕಡಮೆಯಾಗಿರುವುದನ್ನು ಕಂಡರು. ೧೯೬೭ರಲ್ಲಿ ಅಮೆರಿಕದ ಕೊಟ್ಸಿಯಾಸ್ ಅವರು ಎಲ್-ಡೋಪವನ್ನು ಸ್ವಲ್ಪಸ್ವಲ್ಪವಾಗಿ ಹೆಚ್ಚಿಸುತ್ತ ಹೋಗಿ ರೋಗಿಗಳಿಗೆ ಚಲನೆಯನ್ನು ಮರಳಿಸಿದರು. ೨೦೦೦ದಲ್ಲಿ ಕಾರ್ಲ್‌ಸನ್ ಅವರಿಗೆ ನೊಬೆಲ್ ಪಾರಿತೋಷಕ ಬಂದಿತು.

ಇಷ್ಟು ಗೆಲವಿನ ಕಥೆ. ಇನ್ನು ಎಚ್ಚರಿಕೆಯ ಕಥೆಯನ್ನೂ ಕೇಳಬೇಕು. ಪಾರ್ಕಿನ್ಸನ್ ರೋಗದ ಆರಂಭದಲ್ಲಿ ಸ್ಟ್ರೈಯೇಟಮಿನ ಮೇಲುಭಾಗದಲ್ಲಿ ಡೋಪಮೈನ್ ಬತ್ತಿರುತ್ತದೆ. ಕೆಳಭಾಗದಲ್ಲಿ ಅಷ್ಟಾಗಿ ಬತ್ತಿರುವುದಿಲ್ಲ. ನುಂಗಿದ ಔಷಧವಾದರೋ ಎರಡು ಕಡೆಗೂ ಹೋಗುತ್ತದೆ. ಕೊರತೆಯಿದ್ದಲ್ಲಿ ಅದು ಉಪಕಾರ ಮಾಡುವಾಗಲೇ, ಕೊರತೆಯಿಲ್ಲದಲ್ಲಿ ಮಿತಿಮೀರುತ್ತದೆ. ಆದುದರಿಂದಲೇ ಒಂದೇ ಔಷಧದಿಂದ ಒಬ್ಬನೇ ರೋಗಿಯ ಕೆಲವು ಬುದ್ಧಿಯ ಕೆಲಸಗಳು ಸುಧಾರಿಸಿ, ಬೇರೆ ಕೆಲವು ಕೆಡುವುದುಂಟು. ಡೋಪಮೈನಿನಂತೆ ವರ್ತಿಸುವ ಕೆಲವು ಔಷಧಗಳನ್ನು ತೆಗೆದುಕೊಳ್ಳುತ್ತಿದ್ದ ರೋಗಿಗಳಲ್ಲಿ ಕೆಲವರಿಗೆ, ಹಿಂದೆಂದೂ ಇಲ್ಲದಿದ್ದ ಜೂಜಿನ ಚಪಲ ಹತ್ತಿದುದನ್ನು ೨೦೦೫ರಲ್ಲಿ ಅಮೆರಿಕದ ವೈದ್ಯರು ವರದಿ ಮಾಡಿದರು. ಔಷಧವನ್ನು ಬದಲಾಯಿಸಿದಾಗ ಚಪಲವೂ ಅಡಗಿತು.

ರೇಷ್ಮೆ ಬೆಳೆಯುವ ನಮ್ಮ ಕಡೆಯವರಿಗೆ ಇದು ಹೊಸ ಮಾತಲ್ಲ. ಚಾಕಿ ಹುಳುವಿಗೆ ಸುಮಾರು ೨೭ ಡಿಗ್ರಿಯ ಬೆಚ್ಚನೆಯ ಮನೆ ಬೇಕು. ನಾಲ್ಕನೆಯ ಜ್ವರದಿಂದೆದ್ದ ದೊಡ್ಡ ಹುಳುವಿಗೆ ೨೪ ಡಿಗ್ರಿ ಸಾಕು. ಚಾಕಿಗೆ ಒಪ್ಪುವ ಕಾವನ್ನೇ ದೊಡ್ಡ ಹುಳುವಿಗೂ ಕೊಟ್ಟರೆ ಅದು ಬಾಡುತ್ತದೆ, ರೋಗಕ್ಕೆ ಸುಲಭವಾಗಿ ತುತ್ತಾಗುತ್ತದೆ. ಇಷ್ಟು ಕಾವು ಒಳ್ಳೆಯದೋ ಕೆಟ್ಟದ್ದೋ ಎಂದು ಕೇಳಿದರೆ ಬೆಳೆಗಾರನು, ಯಾವ ಹುಳುವಿಗೆ ಎಂದು ಮರುಪ್ರಶ್ನೆ ಹಾಕುತ್ತಾನೆ. ಡೋಪಮೈನಿನ ವಿಷಯದಲ್ಲಿಯೂ ಕೇಳಬೇಕಾದ ಪ್ರಶ್ನೆ ಅದೇ: ಮಿದುಳಿನ ಯಾವ ಭಾಗದಲ್ಲಿ, ಎಷ್ಟು?

ಈಗ ಹಣೆಮಿದುಳಿಗೆ ಬರೋಣ. ೧೯೭೯ರಲ್ಲಿ ಅಮೆರಿಕದ ವಿಜ್ಞಾನಿಗಳು ಕೋತಿಗಳ ಹಣೆಮಿದುಳಿನ ಒಂದು ಭಾಗದಲ್ಲಿ ಡೋಪಮೈನನ್ನು ಮಾತ್ರ ಬತ್ತಿಸಿದರು. ಆಗ ಕೋತಿಗಳ ತಾತ್ಕಾಲಿಕ ನೆನಪು, ಆ ಭಾಗವನ್ನೇ ಕತ್ತರಿಸಿ ತೆಗೆದರೆ ಕೆಡುವಷ್ಟೇ ಹೆಚ್ಚುಕಡಮೆ ಕೆಟ್ಟಿತು. ಡೋಪಮೈನ್ ಇಲ್ಲದೆ ಹಣೆಮಿದುಳು ನಡೆಯದು ಎಂಬುದು ಇದರಿಂದ ಸಿದ್ಧವಾಯಿತು. ಹಾಗಾದರೆ ಡೋಪಮೈನ್ ಹೆಚ್ಚಾದರೆ ಅದು ಇನ್ನೂ ಚೆನ್ನಾಗಿ ನಡೆಯಬೇಕಲ್ಲವೆ? ಇಲ್ಲ. ಇಲಿಗಳಿಗೆ ಅಂಗಾಲಿನಲ್ಲಿ ವಿದ್ಯುತ್ತಿನ ಆಘಾತ ಕೊಟ್ಟು ಬೆದರಿಸಿದಾಗ, ಹಣೆಮಿದುಳಿಗೆ ಹೋಗುವ ಡೋಪಮೈನ್ ನರಕೋಶಗಳು ವಿಶೇಷವಾಗಿ ಕೆರಳುವುದನ್ನು ೧೯೭೬ರಲ್ಲಿ ಫ್ರಾನ್ಸಿನ ವಿಜ್ಞಾನಿಗಳು ಕಂಡಿದ್ದರು. ೧೯೯೬ರಲ್ಲಿ ಯೇಲ್ ವಿಶ್ವವಿದ್ಯಾನಿಲಯದ ಏಮಿ ಆರ್ನ್‌ಸ್ಟನ್ ಮತ್ತು ಅವರ ಸಂಗಡಿಗರು, ಆತಂಕವನ್ನು ಹುಟ್ಟಿಸುವ ಔಷಧವೊಂದನ್ನು ಇಲಿಗಳಿಗೂ ಕೋತಿಗಳಿಗೂ ಕೊಟ್ಟು ನೋಡಿದರು. ಹಣೆಮಿದುಳಿನಲ್ಲಿ ಡೋಪಮೈನಿನ ಬಳಕೆ ಏರಿತು. ತಾತ್ಕಾಲಿಕ ನೆನಪು ಕುಸಿಯಿತು. ಮೊದಲೇ ಡೋಪಮೈನನ್ನು ತಡೆಯುವ ಔಷಧವನ್ನು ಕೊಟ್ಟಿದ್ದರೆ ನೆನಪು ಕುಸಿಯಲಿಲ್ಲ. ಹೀಗೆ ಕೊರತೆಯೂ ಅತಿಶಯವೂ ಒಂದೇ ಕೆಲಸವನ್ನು ಕೆಡಿಸುವುವೆಂದು ತಿಳಿದುಬಂದಿತು. ಭಯದ ಸಮಯದಲ್ಲಿ ಉಕ್ಕುವ ರಸ ಡೋಪಮೈನ್ ಒಂದೇ ಅಲ್ಲ. ನಾರ್ಅಡ್ರಿನಲಿನ್, ಕಾರ್ಟಿಸಾಲ್ ಮುಂತಾದುವೂ ಅದರೊಡನೆ ಸೇರುತ್ತವೆ. ಅವುಗಳ ಅತಿಶಯವೂ ಹಣೆಮಿದುಳಿಗೆ ಹಿತವಲ್ಲ.

ಅಡ್ಡಗೆರೆಯಲ್ಲಿ ಡೋಪಮೈನನ್ನೂ ಉದ್ದಗೆರೆಯಲ್ಲಿ ಹಣೆಮಿದುಳಿನ ಸಾಮರ್ಥ್ಯವನ್ನೂ ಗುರುತಿಸಿ ಒಂದು ರೇಖಾಚಿತ್ರವನ್ನು ಬರೆದರೆ, ಅದು ಗುಡ್ಡದ ಆಕಾರದಲ್ಲಿರುತ್ತದೆ. ಒಂದು ಮಗ್ಗುಲಿನಿಂದ ಏರಿ, ನೆತ್ತಿಯನ್ನು ಮುಟ್ಟಿ, ಇನ್ನೊಂದು ಮಗ್ಗುಲಿಗೆ ಇಳಿಯುತ್ತದೆ. ಚನ್ನಪಟ್ಟಣದಲ್ಲಿ ಗೊಂಬೆಗೆ ಬಣ್ಣ ಹಾಕುವುದನ್ನು ನೋಡಿದವರಿಗೆ ಇದರ ಅರ್ಥ ಕೂಡಲೆ ಹೊಳೆಯುವುದು. ತಿರುಗುತ್ತಿರುವ ಹಾಲೆಮರದ ತುಂಡಿಗೆ ಕುಶಲಕರ್ಮಿಯು ಬಣ್ಣದ ಅರಗಿನ ಕಡ್ಡಿಯನ್ನು ಒತ್ತಿಹಿಡಿಯುತ್ತಾನೆ. ಉಜ್ಜಾಟದಿಂದ ಹುಟ್ಟಿದ ಶಾಖಕ್ಕೆ ಅರಗು ಕರಗಿ ಮರಕ್ಕೆ ಹತ್ತುತ್ತದೆ. ಒತ್ತುವುದು ಸಾಲದಿದ್ದರೆ ಅರಗು ಕರಗದು. ಮಿತಿಮೀರಿ ಒತ್ತಿದರೆ ಬಣ್ಣ ಸಮನಾಗಿ ಕೂರದು. ಆ ಹದವನ್ನು ಕೈ ಬಲ್ಲುದು.

ಭಯವು ಹಣೆಮಿದುಳನ್ನು ಮಂಕುಮಾಡಿ ಸುಮ್ಮನಾಗುವುದಿಲ್ಲ. ಬೆಂಗಳೂರಿನ ಜಿ.ಕೆ.ವಿ.ಕೆ. ಆವರಣದಲ್ಲಿರುವ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದಲ್ಲಿ ಸುಮಂತ್ರ ಚಟರ್ಜಿಯವರೂ ಅವರ ಸಂಗಡಿಗರೂ ೨೦೦೨ರಲ್ಲಿ ಪ್ರಕಟಿಸಿದ ಸಂಶೋಧನೆ ಜಗತ್ತಿನ ಗಮನವನ್ನು ಸೆಳೆಯಿತು. ಅವರು ಇಲಿಗಳನ್ನು ದಿನಕ್ಕೆ ಎರಡು ಗಂಟೆಗಳಂತೆ ಹತ್ತು ದಿನಗಳ ಕಾಲ ಅಲುಗಾಡದಂತೆ ಬಂಧಿಸಿಟ್ಟು, ಬಳಿಕ ಅವುಗಳ ಮಿದುಳನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿದರು. ನೆನಪಿಗೆ ಬೇಕಾದ ಹಿಪೊಕ್ಯಾಂಪಸ್ ಎಂಬ ಭಾಗದಲ್ಲಿ ನರಕೋಶಗಳ ಕವಲುಗಳು ಕುಗ್ಗಿದ್ದುವು. ಹೆದರಿಕೆಯನ್ನು ಹುಟ್ಟಿಸುವ ಅಮಿಗ್ಡಲ ಎಂಬ ಭಾಗದಲ್ಲಿ ಅವು ಬೆಳೆದಿದ್ದುವು! ೨೦೦೪ರಲ್ಲಿ ಅವರು ಇನ್ನೊಂದು ಸಂಗತಿಯನ್ನು ತಿಳಿಸಿದರು. ಇಲಿಗಳಿಗೆ ಮೂರು ವಾರ ನೆಮ್ಮದಿ ಕೊಟ್ಟರೆ ಹಿಪೊಕ್ಯಾಂಪಸಿನ ಕುಗ್ಗುವಿಕೆ ಸರಿಹೋಗುತ್ತದೆ. ಅಮಿಗ್ಡಲದ ಬೆಳವಣಿಗೆಯಾದರೋ ಹಾಗೆಯೇ ಉಳಿಯುತ್ತದೆ. ಒಂದೇ ಒತ್ತಡ, ಒಂದು ಕಡೆ ಕುಗ್ಗಿಸುತ್ತದೆ, ಇನ್ನೊಂದು ಕಡೆ ಹಿಗ್ಗಿಸುತ್ತದೆ; ಒಂದು ಬೇಗ ಮಾಯುತ್ತದೆ, ಇನ್ನೊಂದು ಮಾಯದು.

ಇಲಿಗಳ ಮಾತು ಮನುಷ್ಯರಿಗೆ ಹಾಗೆಯೇ ಅನ್ವಯಿಸುವುದೆ ಎಂದು ವಾಚಕರು ಕೇಳಬಹುದು. ಕೇಳುವುದು ನ್ಯಾಯವೇ. ೨೦೦೯ರಲ್ಲಿ ಅಮೆರಿಕದಲ್ಲಿ ಲಿಸ್ಟನ್, ಮೆಕ್‌ಯೂಎನ್ ಮತ್ತು ಕೇಸಿ ಎಂಬವರು, ದೊಡ್ಡದೊಂದು ಪರೀಕ್ಷೆಗೆ ಸಿದ್ಧರಾಗುತ್ತಿದ್ದ ವೈದ್ಯಕೀಯ ವಿದ್ಯಾರ್ಥಿಗಳ ಮಿದುಳನ್ನು ಕಾಂತೀಯ ಅನುರಣನದ ಯಂತ್ರದಿಂದ ಪರೀಕ್ಷಿಸಿದರು. ಒತ್ತಡವಿಲ್ಲದವರಿಗೆ ಹೋಲಿಸಿದಾಗ, ಈ ವಿದ್ಯಾರ್ಥಿಗಳ ಹಣೆಮಿದುಳಿಗೂ ಅದರೊಡನೆ ಸಹಕರಿಸುವ ಇತರ ಭಾಗಗಳಿಗೂ ನಡುವಣ ಹೊಂದಾಣಿಕೆ ತಗ್ಗಿತ್ತು. ಗಮನವನ್ನು ಒಂದು ವಿಷಯದಿಂದ ಮತ್ತೊಂದಕ್ಕೆ ಹೊರಳಿಸುವುದು ಅವರಿಗೆ ಕಷ್ಟವಾಗಿತ್ತು. ಪರೀಕ್ಷೆ ಮುಗಿದು ಒಂದು ತಿಂಗಳು ಕಳೆದ ಮೇಲೆ ನೋಡಿದರೆ ಎರಡೂ ಸರಿಹೋಗಿದ್ದುವು. ಇದರಲ್ಲಿ ಚಿಂತೆಗೂ ಕಾರಣವುಂಟು, ಸಮಾಧಾನಕ್ಕೂ ಕಾರಣವುಂಟು.

ಮನೆಯಲ್ಲಿ ಸರಾಗವಾಗಿ ಬಿಡಿಸಿದ ಲೆಕ್ಕವನ್ನು ಪರೀಕ್ಷೆಯ ಕೊಠಡಿಯಲ್ಲಿ ಮರೆತು ಕುಳಿತ ವಿದ್ಯಾರ್ಥಿಯನ್ನು ಹಿರಿಯರು ಸೋಮಾರಿಯೆಂದೂ ದಡ್ಡನೆಂದೂ ಬೈಯುವುದುಂಟು. ಮೇಲಿನ ಸಂಗತಿಗಳನ್ನು ಅರಿತವರು ಹಾಗೆ ಬೈಯಲಾರರು. ಆ ವಿದ್ಯಾರ್ಥಿಯ ವಿದ್ಯೆ ಎಲ್ಲಿಗೂ ಹೋಗಿಲ್ಲ. ಅದನ್ನು ಹೊರತೆಗೆದು ಜೋಡಿಸುವ ಹಣೆಮಿದುಳು ರೇಖಾಚಿತ್ರದ ಇಳಿಜಾರಿನ ಕಡೆಗೆ ಜಾರಿದೆ. ಅಂತಹ ಗಳಿಗೆಯಲ್ಲಿ ಮತ್ತಷ್ಟು ಬೆದರಿಸುವುದೆಂದರೆ, ಮದ್ದು ಮಿತಿಮೀರಿ ಬಳಲುತ್ತಿರುವವನಿಗೆ ಅದೇ ಮದ್ದನ್ನು ಮತ್ತೆ ಕುಡಿಸಿದಂತೆ.

ಭಯವೇ ಇಲ್ಲದಿದ್ದರೆ ಹುಡುಗರು ಓದುವರೆ ಎಂಬ ಆಕ್ಷೇಪವನ್ನು ನಾವು ಬಲ್ಲೆವು. ಅದರಲ್ಲಿ ಸ್ವಲ್ಪ ಸತ್ಯವೂ ಉಂಟು. ಗುಡ್ಡದ ಎಡಮಗ್ಗುಲೂ ಗುಡ್ಡದ ಭಾಗವೇ. ತೀರ ನಿಶ್ಚಿಂತನಾದವನ ಮಿದುಳೂ ನೆತ್ತಿಯನ್ನು ಮುಟ್ಟುವುದಿಲ್ಲ. ಆದರೆ ೧೯೦೮ರಷ್ಟು ಹಿಂದೆಯೇ ಯರ್ಕ್ಸ್ ಮತ್ತು ಡಾಡ್‌ಸನ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞರು ಇಲಿಗಳ ಮೇಲಿನ ಪ್ರಯೋಗದಿಂದ ಕಂಡುಕೊಂಡುದನ್ನು ಮರೆಯಬಾರದು. ಸುಲಭವಾದ ಪಾಠವನ್ನು ಇಲಿಗಳು ಬಲವಾದ ಆಘಾತಕ್ಕೂ ಬೇಗ ಕಲಿತವು. ಕಠಿಣವಾದ ಪಾಠವನ್ನಾದರೋ ಮಿತವಾದ ಆಘಾತದಲ್ಲಿಯೇ ಬೇಗ ಕಲಿತವು. ಮಗ್ಗಿಯನ್ನು ಒಪ್ಪಿಸಲು ಬೆತ್ತ ಸಾಕಾಗಬಹುದು. ಹಿಂದೆ ಕಾಣದ ಲೆಕ್ಕವನ್ನು ಯೋಚಿಸಿ ಬಿಡಿಸಲು ಬೆತ್ತವು ಅಡ್ಡಿಯೇ ಹೊರತು ಸಹಾಯವಲ್ಲ. ವಿಜ್ಞಾನವನ್ನು ಓದುವ ವಿದ್ಯಾರ್ಥಿಗೆ ಬೇಕಾದುದು ಎರಡನೆಯ ಸಾಮರ್ಥ್ಯ.

ಈ ಒತ್ತಡವನ್ನು ಮಾತ್ರೆಯಿಂದ ಗೆಲ್ಲಬಹುದೆಂಬ ಆಸೆ ಕೆಲವು ವಿದ್ಯಾರ್ಥಿಗಳಲ್ಲಿ ಹುಟ್ಟುತ್ತಿದೆ. ಗಮನದ ಕೊರತೆಯೆಂಬ ತೊಂದರೆಯುಳ್ಳವರಿಗೆ ವೈದ್ಯರು ಕೊಡುವ ಮೀಥೈಲ್‌ಫೆನಿಡೇಟ್ ಮುಂತಾದ ಔಷಧಗಳನ್ನು ಆರೋಗ್ಯವಂತರು ನುಂಗಿದರೆ ಬುದ್ಧಿ ಚುರುಕಾಗುವುದೆಂದು ನಂಬುವವರಿದ್ದಾರೆ. ೨೦೨೩ರಲ್ಲಿ ಪ್ರಕಟವಾದ ಒಂದು ಸಂಶೋಧನೆಯಲ್ಲಿ ಆರೋಗ್ಯವಂತರಾದ ೪೦ ಮಂದಿಗೆ ಇಂತಹ ಔಷಧಗಳನ್ನು ಕೊಟ್ಟು, ಇಷ್ಟೇ ತೂಕ ಹೊರಬಲ್ಲ ಚೀಲದಲ್ಲಿ ಯಾವ ಯಾವ ವಸ್ತುಗಳನ್ನು ಹಾಕಿದರೆ ಒಟ್ಟು ಬೆಲೆ ಅತ್ಯಧಿಕವಾಗುವುದೆಂಬ ಬಗೆಯ ಲೆಕ್ಕಗಳನ್ನು ಬಿಡಿಸಲು ಹೇಳಿದರು. ಅವರು ಹೆಚ್ಚು ಹೊತ್ತು ದುಡಿದರು, ವಸ್ತುಗಳನ್ನು ಹೆಚ್ಚು ಸಲ ಅತ್ತಿತ್ತ ಹಾಕಿದರು. ಆದರೆ ಯೋಚನೆಯ ಗುಣ ಇಳಿಯಿತು. ಔಷಧವು ದುಡಿಮೆಯನ್ನು ಕೊಟ್ಟಿತು, ವಿವೇಕವನ್ನು ಕೊಡಲಿಲ್ಲ. ಆದುದರಿಂದ ವೈದ್ಯರು ಕೊಟ್ಟ ಔಷಧವನ್ನು ರೋಗಿಯು ಸ್ವಂತ ಬುದ್ಧಿಯಿಂದ ನಿಲ್ಲಿಸುವುದೂ ತಪ್ಪು. ವೈದ್ಯರು ಕೊಡದ ಔಷಧವನ್ನು ಆರೋಗ್ಯವಂತನು ನುಂಗುವುದೂ ತಪ್ಪು. ನಸುಗುನ್ನಿಯ ಬೀಜಕ್ಕೂ ಈ ಮಾತು ಸಲ್ಲುತ್ತದೆ.

ಹಾಗಾದರೆ ಮಾಡಬೇಕಾದುದೇನು? ಪರೀಕ್ಷೆಯನ್ನು ತೆಗೆದುಹಾಕಬೇಕೆಂದು ನಾವು ಹೇಳುತ್ತಿಲ್ಲ. ಒತ್ತಡವು ಕೈಮೀರಿದಾಗ, ತನ್ನಿಂದೇನೂ ಆಗದೆಂದು ತೋರಿದಾಗ, ಹಣೆಮಿದುಳು ಎಲ್ಲಕ್ಕಿಂತ ಹೆಚ್ಚಾಗಿ ಕುಸಿಯುತ್ತದೆ. ಕಠಿಣವಾದ ಪ್ರಶ್ನೆ ಒಂದು ಬಗೆಯ ಒತ್ತಡ. ತರಗತಿಯೆಲ್ಲ ಕೇಳುವಂತೆ ಅಂಕಗಳನ್ನು ಓದಿ ನಗುವುದು ಇನ್ನೊಂದು ಬಗೆಯದು. ಮೊದಲನೆಯದನ್ನು ವಿದ್ಯಾರ್ಥಿಯು ಶ್ರಮದಿಂದ ಗೆಲ್ಲಬಲ್ಲ. ಎರಡನೆಯದರ ಮುಂದೆ ನಿಸ್ಸಹಾಯ. ಮೊದಲನೆಯದಿರಲಿ, ಎರಡನೆಯದು ಹೋಗಲಿ. ವರ್ಷಕ್ಕೊಂದು ದೊಡ್ಡ ಗಂಡಾಂತರದ ಬದಲು, ಅಂಕಗಳ ಹೊರೆಯಿಲ್ಲದ ಸಣ್ಣ ಸಣ್ಣ ಪರೀಕ್ಷೆಗಳು ಆಗಾಗ ನಡೆಯಲಿ. ಪದೇಪದೇ ಕಂಡ ಪ್ರಾಣಿ ಹುಲಿಯಾದರೂ ಹೆದರಿಕೆ ತಗ್ಗುವುದು. ೨೦೨೪ರಲ್ಲಿ ಕರ್ನಾಟಕದಲ್ಲಿ ಎಸ್.ಎಸ್.ಎಲ್.ಸಿ. ಮತ್ತು ದ್ವಿತೀಯ ಪಿ.ಯು.ಸಿ. ವಿದ್ಯಾರ್ಥಿಗಳಿಗೆ ಒಂದೇ ವರ್ಷದಲ್ಲಿ ಮೂರು ಪರೀಕ್ಷೆಗಳ ಅವಕಾಶ ಒದಗಿದಾಗ ಹಲವರು ಅದನ್ನು ಸಡಿಲಿಕೆಯೆಂದು ಟೀಕಿಸಿದರು. ಪ್ರಶ್ನೆಗಳು ಸುಲಭವಾಗದೆ ಗಂಡಾಂತರ ಮಾತ್ರ ಕಡಮೆಯಾಗುವುದಾದರೆ ಅದು ಸಡಿಲಿಕೆಯಲ್ಲ, ಹದಗೊಳಿಸುವಿಕೆ ಎಂಬುದು ನಮ್ಮ ಮತ.

ಪೋಷಕರಲ್ಲಿ ಒಂದು ಬಿನ್ನಹ. ಹುಳು ನಾಲ್ಕನೆಯ ಜ್ವರದಿಂದೆದ್ದ ವಾರದಲ್ಲಿ ಮನೆಮಂದಿಗೆಲ್ಲ ರಾತ್ರಿಯೂ ಸೊಪ್ಪು ಹಾಕುವ ಕೆಲಸವಿರುವುದನ್ನು ನಾವು ಬಲ್ಲೆವು. ಆದರೆ ಪರೀಕ್ಷೆ ಬರೆಯಲಿರುವ ಮಗನಿಗೂ ಮಗಳಿಗೂ ಆ ವಾರ ನಿದ್ರೆಯನ್ನು ಬಿಟ್ಟುಕೊಡಬೇಕು. ಕಲಿತುದು ನೆನಪಿನಲ್ಲಿ ನೆಲೆಗೊಳ್ಳುವುದಕ್ಕೆ ನಿದ್ರೆ ಬೇಕು. ನಿದ್ರೆಗೆಟ್ಟ ಹಣೆಮಿದುಳು ಸಣ್ಣ ಭಯವನ್ನೂ ತಾಳಲಾರದು.

ವಿದ್ಯಾರ್ಥಿ ಮಿತ್ರರಲ್ಲಿ ಇನ್ನೊಂದು ಮಾತು. ಎದೆ ಸ್ವಲ್ಪ ಹೊಡೆದುಕೊಂಡರೆ ಅಂಜಬೇಕಾಗಿಲ್ಲ. ಅದು ಗುಡ್ಡವನ್ನು ಏರುತ್ತಿರುವ ಗುರುತೂ ಆಗಿರಬಹುದು. ಆದರೆ ಚಿಂತೆಯು ವಾರಗಟ್ಟಲೆ ಬಿಡದೆ ಊಟ ನಿದ್ರೆಗಳನ್ನು ಕಸಿದುಕೊಂಡರೆ, ಬದುಕೇ ಬೇಡವೆನ್ನಿಸಿದರೆ, ಅದನ್ನು ಒಬ್ಬರೇ ಹೊರಬಾರದು. ಭಾರತ ಸರ್ಕಾರವು ೨೦೨೨ರ ಅಕ್ಟೋಬರ್ ೧೦ರಂದು ಆರಂಭಿಸಿದ ಟೆಲಿ-ಮಾನಸ್ ಎಂಬ ಸೇವೆಗೆ ೧೪೪೧೬ ಎಂಬ ಸಂಖ್ಯೆಯಲ್ಲಿ ಹಗಲಿರುಳೂ ಉಚಿತವಾಗಿ ದೂರವಾಣಿ ಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯೂ ನಮ್ಮಿಂದ ದೂರವಿಲ್ಲ. ಕಾಲು ಉಳುಕಿದರೆ ವೈದ್ಯರಲ್ಲಿಗೆ ಹೋಗಲು ನಾಚುವವರಿಲ್ಲ. ಮಿದುಳೂ ದೇಹದ ಒಂದು ಅಂಗವೇ.

ಕೊನೆಯದಾಗಿ ಅಧ್ಯಾಪಕರಿಗೂ ಹಿರಿಯರಿಗೂ ನಾವು ಹೇಳುವುದಿಷ್ಟೆ. ಪ್ರಯೋಗಶಾಲೆಯಲ್ಲಿ ವಿದ್ಯಾರ್ಥಿಯು ವಿದ್ಯುತ್ತನ್ನು ಹರಿಸುವ ಮೊದಲು, ಮಾಪಕವು ಎಷ್ಟನ್ನು ತಾಳಬಲ್ಲುದೆಂದು ನೋಡಿಕೊಳ್ಳಬೇಕೆಂದು ಕಲಿಸುತ್ತೇವೆ. ನೋಡದೆ ಹರಿಸಿದರೆ ಮಾಪಕವು ಸುಟ್ಟುಹೋಗುವುದು. ಅದಕ್ಕೆ ಮಾಪಕವನ್ನು ದೂರುವವರಿಲ್ಲ. ಮಾಪಕಕ್ಕೆ ತೋರುವ ಈ ಎಚ್ಚರಿಕೆಯನ್ನು ನಮ್ಮ ಎದುರಿಗೆ ಬೆಂಚಿನ ಮೇಲೆ ಕುಳಿತಿರುವ ಮಕ್ಕಳಿಗೂ ತೋರೋಣ.